ಬೀಗರು ಹಾಕಿಕೊಟ್ಟ ಅಡುಗೆಮನೆ

ನಮ್ಮ ಮನೆಗೆ ಬಂದವರೆಲ್ಲ ಅಡುಗೆಮನೆ ನೋಡಿ ‘ಭಾರಿ ಆಗೇತ್ರಿ’ ಅನ್ನುತ್ತಾರೆ. ನಾನೂ ‘ಹೌದ್ರಿ’ ಅನ್ನುತ್ತೇನೆ. ಮುಖ ಕಾಣುವಷ್ಟು ಮಿಂಚುವ ಕೆಂಪು ಬಾಗಿಲುಗಳು, ತಾವಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರುಗಳು, ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ. ಇಷ್ಟೆಲ್ಲ ಇರುವ ಈ ಅಡುಗೆಮನೆಯಲ್ಲಿ ನಾನು ಒಂದು ಜೋಳದ ರೊಟ್ಟಿ ಬಡಿಯಲಾರೆ. ಯಾರಿಗಾದರೂ ಹೇಳಿದರೆ ಇಷ್ಟು ಚಂದದ್ದನ್ನು ಮಾಡಿಸಿಕೊಂಡು ಅಳುತ್ತಾಳಲ್ಲ ಎಂದು ನನ್ನನ್ನೇ ಬೈಯುತ್ತಾರೆ.

ಸಿಂದಗಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ನನ್ನ ರೊಟ್ಟಿಯ ಸಪ್ಪಳ. ಪಡಸಾಲೆಯಲ್ಲಿ ಕೂತ ಮಾವನವರು ಆ ಸಪ್ಪಳ ಕೇಳಿಯೇ ಕೈ ತೊಳೆಯಲು ಏಳುತ್ತಿದ್ದರು. ಮುಂದೆ ಸರಕಾರಿ ಶಾಲೆಯಲ್ಲಿ ಟೀಚರ್ ಆದೆ. ಬೆಳಗಿನ ಗಂಟೆಗೆ ಓಡುವ ಮೊದಲು ಮನೆಮಂದಿಗೆಲ್ಲ ರೊಟ್ಟಿ ಬಡಿದಿಟ್ಟೇ ಹೋಗುತ್ತಿದ್ದೆ. ಅದೊಂದು ಕೆಲಸದಲ್ಲಿ ಮಾತ್ರ ನನಗೆ ಯಾರೂ ಎದುರು ಹೇಳಿದ್ದಿಲ್ಲ.

ನಿವೃತ್ತಿಯಾದ ಮೇಲೆ ಮೊಣಕಾಲು ಕೈಕೊಟ್ಟವು. ನೆಲದ ಮೇಲೆ ಕೂರಲೇಬಾರದು ಎಂದರು ಡಾಕ್ಟರು. ನಿಂತು ಬಡಿಯೋಣವೆಂದರೆ ನಾನು ಕುಳ್ಳಿ, ಹಳೆಯ ಕಟ್ಟೆ ನನ್ನ ಎದೆಯ ಮಟ್ಟಕ್ಕಿತ್ತು. ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಹೆಗಲು ಹಿಡಿಯುತ್ತಿತ್ತು. ಹೊಸ ಅಡುಗೆಮನೆ ಬೇಕೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ. ಕಿಟಕಿಯ ಮೂಲೆಯಲ್ಲಿ, ನನ್ನ ಸೊಂಟದ ಮಟ್ಟಕ್ಕೆ, ಕೆಳಗೆ ಇಟ್ಟಂಗಿ ಕಟ್ಟಿ ಕೂಡಿಸಿದ ಒಂದು ದಪ್ಪ ಕಲ್ಲು ಬೇಕಿತ್ತು. ಉಳಿದದ್ದು ಯಾವ ಬಣ್ಣದ್ದಾದರೂ ಆಗಲಿ, ಎಷ್ಟು ಡ್ರಾಯರಾದರೂ ಬರಲಿ.

ನಮ್ಮ ಯಜಮಾನರು ಮೊದಲು ನನ್ನನ್ನು ವಿಜಯಪುರದ ಒಂದು ದೊಡ್ಡ ಅಂಗಡಿಗೆ ಕರೆದೊಯ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ನಮ್ಮ ಅಡುಗೆಮನೆ ಹೇಗಾಗುತ್ತದೆಂದು ತೋರಿಸಿದಳು. ಚಿತ್ರದಲ್ಲಿ ಹಣ್ಣಿನ ಬುಟ್ಟಿ ಇತ್ತು, ಹೂವಿನ ಕುಂಡ ಇತ್ತು. ರೊಟ್ಟಿ ಬಡಿಯಲು ಜಾಗ ಎಲ್ಲಿ ಎಂದು ಕೇಳಿದೆ. ಆ ಹುಡುಗಿ ನನ್ನ ಮುಖ ನೋಡಿ, ಯಜಮಾನರ ಮುಖ ನೋಡಿ, ಬಣ್ಣಗಳ ಪುಸ್ತಕ ತೆಗೆದಳು. ನಾನು ಎದ್ದು ಬಂದೆ.

ಆಮೇಲೆ ನಮ್ಮೂರಿನಲ್ಲೇ ಪ್ಲೈವುಡ್ ಅಂಗಡಿ ಇಟ್ಟಿರುವ ಒಬ್ಬರನ್ನು ನಾನೇ ಗೊತ್ತುಮಾಡಿದೆ. ನನ್ನ ಜೊತೆ ಕೆಲಸ ಮಾಡಿದ ಟೀಚರ್ ಒಬ್ಬರ ಮನೆಯಲ್ಲಿ ಅವರು ಮಾಡಿದ್ದ ಕಟ್ಟೆಯನ್ನು ಕೈಯಿಂದ ಗುದ್ದಿ ನೋಡಿ ಬಂದಿದ್ದೆ, ಅಲ್ಲಾಡಲಿಲ್ಲ. ಅವರು ಮನೆಗೆ ಬಂದಾಗ ನಾನೇ ಚಾಕ್‌ಪೀಸ್ ಹಿಡಿದು ಕಿಟಕಿಯ ಮೂಲೆಯ ಗೋಡೆಗೆ ಉದ್ದಕ್ಕೆ ಗೆರೆ ಎಳೆದು, ಕಲ್ಲು ಇಲ್ಲಿಗೆ ಬರಬೇಕು ಎಂದೆ.

‘ಗೆರಿ ಅಳಸಬ್ಯಾಡ್ರಿ ಟೀಚರ್, ಮುಂದಿನ ವಾರ ಕೆಲಸ ಹಿಡಿತೇನಿ’ ಅಂದರು ಅವರು.

ಆ ವಾರ ಬರುವುದರೊಳಗೆ ನಮ್ಮ ಮಗಳಿಗೆ ಹತ್ತಿರದ ಇಂಡಿ ಊರಿನ ಸಂಬಂಧ ಕೂಡಿ ಬಂತು. ಒಳ್ಳೆಯ ಮನೆತನ, ಒಳ್ಳೆಯ ಹುಡುಗ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಹುಡುಗನ ಅಣ್ಣನದು ಮಾಡ್ಯುಲರ್ ಕಿಚನ್ ಮಾಡುವ ವ್ಯಾಪಾರ. ನಿಶ್ಚಯ ಮುಗಿಸಿ ಮನೆಗೆ ಬಂದು ಯಜಮಾನರು ಟೊಪ್ಪಿಗೆ ತೆಗೆದಿಡುತ್ತಲೇ ಹೇಳಿದರು.

‘ಬೀಗರ ಮನ್ಯಾಗ ಇದ ಧಂದೆ ಐತಿ. ಅವರನ್ನ ಬಿಟ್ಟು ಹೊರಗಿನವರಿಗೆ ಕೊಟ್ರ ಏನ್ ತಿಳ್ಕೊಂತಾರ?’

‘ಏನರ ತಿಳ್ಕೊಳ್ಳಲಿ. ರೊಟ್ಟಿ ಬಡಿಯಾಕಿ ನಾನು’ ಅಂದೆ.

‘ಮಗಳನ್ನ ಕೊಡಾಕತ್ತೇವಿ ಆ ಮನಿಗೆ. ನಿನ್ನ ಕಟ್ಟಿ ದೊಡ್ಡದೋ, ಅಕಿ ಸಂಸಾರ ದೊಡ್ಡದೋ?’

ಈ ಪ್ರಶ್ನೆಗೆ ಯಾವ ತಾಯಿ ಉತ್ತರ ಕೊಟ್ಟಾಳು? ಬಾಯಿ ಕಟ್ಟಲೆಂದೇ ಕೇಳಿದ ಪ್ರಶ್ನೆ ಅದು. ಪ್ಲೈವುಡ್ ಅಂಗಡಿಯವರಿಗೆ ಫೋನ್ ಮಾಡಿ ಬೇಡವೆಂದು ಹೇಳುವ ಕೆಲಸವನ್ನೂ ನನಗೇ ಹಚ್ಚಿದರು.

ಅಳತೆ ತೆಗೆದುಕೊಳ್ಳಲು ಹುಡುಗನ ಅಣ್ಣ ಬರುವ ದಿನ ಗೊತ್ತಾಯಿತು. ನಿಶ್ಚಯವಾದ ಮೇಲೆ ಬೀಗರು ಮೊದಲ ಸಲ ಮನೆಗೆ ಬರುವುದೆಂದರೆ ನಮ್ಮ ಕಡೆ ಬರೀ ಚಹಾದಲ್ಲಿ ಮುಗಿಯುವುದಿಲ್ಲ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಭಜಿ, ಅನ್ನ, ಕಟ್ಟಿನ ಸಾರು ಎಲ್ಲ ಆಗಬೇಕು. ನಸುಕಿನಿಂದಲೇ ಒಲೆಯ ಮುಂದೆ ನಿಂತೆ. ಅವರು ಬಂದಾಗ ಕಟ್ಟೆಯ ಮೇಲೆ ಹಿಟ್ಟು, ನೆಲದ ಮೇಲೆ ಬದನೆಕಾಯಿ ಸಿಪ್ಪೆ, ಬಾಣಲೆಯಲ್ಲಿ ಭಜಿ. ಅಡುಗೆಮನೆಯ ಅಳತೆಗೆ ಬಂದವರನ್ನು ನಮ್ಮವರು ಸೋಫಾದ ಮೇಲೆ ಕೂರಿಸಿ ಫ್ಯಾನು ಹಾಕಿದರು.

ನಾನು ಯಜಮಾನರನ್ನು ಸನ್ನೆ ಮಾಡಿ ಒಳಗೆ ಕರೆದೆ. ‘ಅವರನ್ನ ಒಳಗ ಕರೀರಿ, ಗೆರಿ ತೋರಸ್ತೇನಿ.’

‘ಬೀಗರನ್ನ ಇಂಥಾ ಪಸಾರದಾಗ ಕರಿಯೂದೇನು? ಮಾನ ಹೋಗತೈತಿ’ ಅಂದರು.

ಅವರ ಮಾನಕ್ಕಾಗಿ ಬೇಯಿಸಿದ ಅಡುಗೆ, ಅದೇ ಅಡುಗೆಯ ಪಸಾರಕ್ಕೆ ನಾಚಿಕೆ! ಬೀಗರ ಕೈಯಿಂದ ಟೇಪು ಯಜಮಾನರೇ ಇಸಿದುಕೊಂಡು ಬಂದರು. ಜೀವಮಾನದಲ್ಲಿ ಒಂದು ಲೋಟ ನೀರು ಕಾಯಿಸದ ಮನುಷ್ಯ ನನ್ನ ಹಿಂದೆ ಮುಂದೆ ತೂರಾಡಿ ಗೋಡೆ ಅಳೆದು, ಅಲ್ಲಿಂದಲೇ ಪಡಸಾಲೆಗೆ ಕೂಗಿ ಹೇಳಿದರು. ಹುಡುಗನ ಅಣ್ಣ ಮೊಬೈಲಿನಲ್ಲಿ ಬರೆದುಕೊಂಡರು.

‘ಕಟ್ಟಿ ಎತ್ತರ ಎಷ್ಟ್ ಇಡೂಣ್ರಿ ಮಾಮಾರ?’

‘ಎಲ್ಲಾರ ಮನ್ಯಾಗ ಇದ್ದಂಗ ಇರ್ಲಿ.’

ನಾನು ಭಜಿಯ ತಾಟು ಹಿಡಿದು ಹೊರಗೆ ಹೋದೆ. ಅವರು, ಪಾಪ, ಮರ್ಯಾದಸ್ಥರು, ನನ್ನ ಕಡೆ ತಿರುಗಿ, ‘ಅತ್ತೀರ, ನಿಮಗ ಏನರ ಬ್ಯಾರೆ ಬೇಕೇನ್ರಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ನಕ್ಕು, ‘ಅಕಿಗೇನ್ ಬೇಕ್ರಿ? ನೀವು ಮಾಡಿದ್ದ ಛಂದ’ ಎಂದುಬಿಟ್ಟರು. ಮಗಳು ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ನೋಡಿದೆ, ಹಲ್ಲು ಕಚ್ಚಿ ನಾನೂ ನಕ್ಕೆ.

ಮುಂದಿನ ತಿಂಗಳು ಇಂಡಿಯಿಂದ ಟೆಂಪೋದಲ್ಲಿ ಕೆಂಪು ಬಾಗಿಲಿನ ಹಲಗೆ ಡಬ್ಬಿಗಳು ಬಂದವು. ಹಳೆಯ ಕಟ್ಟೆ ಒಡೆದು, ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ತೆಳ್ಳಗಿನ ಕರಿ ಕಲ್ಲು ಹಾಸಿದರು. ಕಿಟಕಿಯ ಮೂಲೆಯಲ್ಲಿ ಹಲಗೆ ಬಡಿಯುವಾಗ ನಾನು ಅಲ್ಲೇ ನಿಂತಿದ್ದೆ. ಚಾಕ್‌ಪೀಸಿನ ಗೆರೆ ಅದರ ಹಿಂದೆ ಹೋಯಿತು. ಕೆಲಸಗಾರರಿಗೆ ಒಂದು ಮಾತು ಹೇಳಬಹುದಿತ್ತು. ಆದರೆ ನಮ್ಮವರು ಅಲ್ಲೇ ಕುರ್ಚಿ ಹಾಕಿಕೊಂಡು ನನ್ನ ಕಾವಲು ಕಾಯುತ್ತಿದ್ದರು.

ಮೊದಲ ದಿನವೇ ರೊಟ್ಟಿ ಬಡಿಯಲು ನಿಂತೆ. ಎದೆಯ ಮಟ್ಟದ ಕಟ್ಟೆ ಹೋಗಿ ಎದೆಯ ಮಟ್ಟದ್ದೇ ಬಂದಿತ್ತು. ಕೈ ಎತ್ತಿ ಬಡಿದೆ, ಕೆಳಗೆ ಟೊಳ್ಳು ಡಬ್ಬಿಗಳೆಲ್ಲ ಗಡಗಡ ಎಂದವು. ಮೇಲಿನ ಗಾಜಿನ ಕಪಾಟಿನೊಳಗೆ ಕಪ್ಪುಗಳು ಕುಣಿದವು. ನಾಲ್ಕನೆಯ ರೊಟ್ಟಿಗೆ ಒಂದು ಡ್ರಾಯರು ನಾಲಿಗೆ ಚಾಚಿದ ಹಾಗೆ ಹೊರಗೆ ಬಂತು.

ಯಜಮಾನರು ಓಡಿ ಬಂದರು. ‘ಸಾವಕಾಶ ಬಡಿ. ಸಡ್ಲಾದ್ರ ಬೀಗರಿಗೆ ಹೆಂಗ ಹೇಳೂದು?’

ಸಾವಕಾಶ ಬಡಿದದ್ದು ರೊಟ್ಟಿಯಲ್ಲ. ಮಧ್ಯ ದಪ್ಪ, ಅಂಚು ಸೀಳು, ಹಂಚಿನ ಮೇಲೆ ಉಬ್ಬುವುದೇ ಇಲ್ಲ. ಕೆಲವು ದಿನ ಹೆಣಗಿ ಬಿಟ್ಟುಬಿಟ್ಟೆ. ಓಣಿಯ ಮೂಲೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ, ಅಲ್ಲಿಂದ ಪಾಕೀಟು ಬರತೊಡಗಿತು.

ಮಗಳ ಮದುವೆಯಾಗಿ ನಾವು ಮೊದಲ ಸಲ ಇಂಡಿಗೆ ಊಟಕ್ಕೆ ಹೋದೆವು. ಬೀಗಿತ್ತಿ, ಅಂದರೆ ಅಳಿಯನ ತಾಯಿ, ನನ್ನನ್ನು ಸೋಫಾದ ಮೇಲೆ ಕೂರಗೊಡಲೇ ಇಲ್ಲ. ‘ಬರ್ರಿ ಅಕ್ಕಾರ, ಒಳಗ ಕುಂತು ಮಾತಾಡೂಣು’ ಎಂದು ಕೈ ಹಿಡಿದು ಅಡುಗೆಮನೆಗೇ ಒಯ್ದರು. ಕೆಂಪು ಬಾಗಿಲು ಅಲ್ಲೂ ಇದ್ದವು. ಆದರೆ ಕಿಟಕಿಯ ಮೂಲೆಯಲ್ಲಿ, ಹೊರಗೆ ಲಿಂಬೆಗಿಡ ಕಾಣುವಲ್ಲಿ, ತಗ್ಗಿನ ಇಟ್ಟಂಗಿ ಕಟ್ಟೆ, ಅದರ ಮೇಲೆ ದಪ್ಪ ಕಲ್ಲು. ನನ್ನ ಮಗಳು ನಿಂತು ರೊಟ್ಟಿ ಬಡಿಯುತ್ತಿದ್ದಳು.

‘ನನ್ನ ದೊಡ್ಡ ಮಗ ಮಾಡಿಕೊಟ್ಟಾನ್ರಿ. ನನಗ ಕೆಳಗ ಕೂಡಾಕ ಆಗೂದಿಲ್ಲ’ ಎಂದರು ಬೀಗಿತ್ತಿ.

ಕಲ್ಲಿನ ಮೇಲೆ ಅಂಗೈ ಊರಿದೆ. ನನ್ನ ಸೊಂಟಕ್ಕೆ ಸರಿಯಾಗಿತ್ತು. ನೀರು ಕುಡಿಯಲು ಬಂದ ಆ ದೊಡ್ಡ ಮಗನನ್ನು ಕೇಳಿಯೇಬಿಟ್ಟೆ: ‘ಇಂಥಾದ್ದು ನಮ್ಮ ಮನ್ಯಾಗ ಯಾಕ ಹಾಕಲಿಲ್ರಿ?’

ಅವರು ಗಾಬರಿಯಾದರು. ‘ಹೇಳಿದ್ರ ಹಾಕತಿದ್ದೆನಲ್ರಿ ಅತ್ತೀರ! ಮಾಮಾರು ಏನೂ ಬ್ಯಾಡ ಅಂದ್ರು. ನಿಮ್ಮ ಮನ್ಯಾಗ ರೊಟ್ಟಿ ಹೊರಗಿಂದ ತರ್ತೀರಿ ಅಂತ ತಿಳ್ಕೊಂಡಿದ್ದೆ.’

ಸಿಟ್ಟು ಮಾಡುವುದಾದರೂ ಯಾರ ಮೇಲೆ? ಅವರ ಮೇಲೆ ಮಾಡುವಂತಿರಲಿಲ್ಲ. ಹೊರಗೆ ಊಟಕ್ಕೆ ಕೂತ ನಮ್ಮವರ ದನಿ ಕೇಳುತ್ತಿತ್ತು.

‘ರೊಟ್ಟಿ ಅಂದ್ರ ಇವು. ನಮ್ಮ ಮನ್ಯಾಗ ಇಂಥಾವು ತಿಂದು ಭಾಳ ದಿನ ಆತ್ರಿ. ಅಕಿ ಕೈಲೆ ಈಗ ಆಗೂದಿಲ್ಲ.’

ಮಗಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು. ಬೀಗಿತ್ತಿ ‘ನೀವ್ಯಾಕ್ರಿ ಅಕ್ಕಾರ’ ಅನ್ನುತ್ತಿದ್ದಂತೆ ನಾನು ಬಳೆ ಹಿಂದಕ್ಕೆ ಸರಿಸಿ ಹಿಟ್ಟು ತೆಗೆದುಕೊಂಡೆ. ಬಡಿದೆ. ಆ ಮನೆಯಲ್ಲಿ ಏನೂ ಅಲ್ಲಾಡಲಿಲ್ಲ, ಬರೀ ಸಪ್ಪಳ ಎದ್ದಿತು. ಪಡಸಾಲೆಯ ಮಾತು ನಿಂತಿತು. ಮಾವನವರಿದ್ದ ಕಾಲದಿಂದ ಆ ಸಪ್ಪಳ ಕೇಳಿಕೊಂಡು ಉಂಡವರು ನಮ್ಮ ಯಜಮಾನರು, ಗುರುತು ಹತ್ತದೆ ಇರುತ್ತದೆಯೇ? ಉಬ್ಬಿದ ರೊಟ್ಟಿಯನ್ನು ನಾನೇ ಒಯ್ದು ಎಲ್ಲರ ಮುಂದೆ ಅವರ ತಾಟಿಗೆ ಹಾಕಿದೆ. ತಲೆ ಎತ್ತದೆ ತಿಂದರು.

ಮರುದಿನ ಸಿಂದಗಿಯಲ್ಲಿ ಯಜಮಾನರು ಓಣಿಯ ಮೂಲೆಯಿಂದ ರೊಟ್ಟಿಯ ಪಾಕೀಟು ತಂದು ಆ ಮಿಂಚುವ ಕಟ್ಟೆಯ ಮೇಲೆ ಇಟ್ಟರು. ನಾನು ಅದನ್ನು ಬಿಚ್ಚಲಿಲ್ಲ.