ಕೂದಲೆಳೆಯಷ್ಟು ತಿರುಗಿದ ಸ್ಕ್ರೂ

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗೆರೆ ಸಾಹೇಬರು ಎಂದೇ ಕರೆಯುತ್ತಿದ್ದರು, ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಅಲ್ಲಿ ತಯಾರಾಗುತ್ತಿದ್ದುದು ದೊಡ್ಡ ಬ್ರೇಕರುಗಳು. ಗಿರಣಿಗಳ ಮೋಟರಿಗೆ ಕರೆಂಟು ಹಾಯಿಸುವ, ಹೆಚ್ಚುಕಮ್ಮಿಯಾದರೆ ತಟ್ಟನೆ ಕಡಿದುಹಾಕುವ ಕಪ್ಪು ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯೊಳಗೆ ತಾಮ್ರದ ಪಟ್ಟಿಗಳನ್ನು ಹಿಡಿದಿಡಲು ಮೂರು ಸ್ಕ್ರೂ. ಅವನ್ನು ಕೊನೆಯ ಬಾರಿ ಬಿಗಿ ಮಾಡಿ, ಮಾಲು ಪಾಸು ಮಾಡುವುದು ಇವರ ಕೆಲಸ. ಬಿಗಿ ಸರಿಯಾದ ಕೂಡಲೇ ಕೈಯಲ್ಲಿನ ರೆಂಚು ಟಕ್ ಎನ್ನುತ್ತದೆ. ಮೂರು ಟಕ್ ಆದ ಮೇಲೆ ಸಣ್ಣ ಬ್ರಷ್ಷಿನಿಂದ ಸ್ಕ್ರೂವಿನ ತಲೆಯಿಂದ ಪಕ್ಕದ ತಾಮ್ರದವರೆಗೆ ಒಂದೊಂದು ಕೆಂಪು ಗೆರೆ. ಆಮೇಲೆ ಯಾರಾದರೂ ಸ್ಕ್ರೂ ತಿರುಗಿಸಿದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ, ಕೈಯಾಡಿಸಿದವನು ಸಿಕ್ಕಿಬೀಳುತ್ತಾನೆ.

ಸಾಹೇಬರು ಮೊಸರಿನಲ್ಲಿ ಕಲ್ಲು ಹುಡುಕುವ ಪೈಕಿ. ಮನೆಯಲ್ಲಿ ನೀರಿನ ಬಾಟಲಿಯ ಮುಚ್ಚಳವನ್ನೂ ಎರಡೆರಡು ಸಲ ತಿರುಗಿಸಿ ನೋಡುವವರು.

"ನನ್ನ ಹಣೆಗೂ ನಿಮ್ಮ ಹಣೆಗೂ ಸೇರಿಸಿ ಒಂದು ಗೆರೆ ಎಳೆದ್ಬಿಡಿ. ಸಂಸಾರ ಸಡಿಲ ಆದ್ರೆ ಗೊತ್ತಾಗುತ್ತೆ" ಎಂದು ಹೆಂಡತಿ ಕಿಚಾಯಿಸುತ್ತಿದ್ದರು.

ಇಂಥವರು ಒಂದು ತಿಂಗಳ ಕೊನೆಯ ದಿನ ತಪ್ಪಿದರು. ಬಾಗಿಲಲ್ಲಿ ಲಾರಿ ನಿಂತಿತ್ತು. ಕೈಯಲ್ಲಿ ಕೊನೆಯ ಬ್ರೇಕರು. ಒಂದು ಟಕ್, ಎರಡು ಟಕ್. ಅಷ್ಟರಲ್ಲಿ ಮ್ಯಾನೇಜರು ಬಂದು ಹೆಗಲ ಮೇಲೆ ಕೈಯಿಟ್ಟು, "ಒಂದನೇ ತಾರೀಖಿಂದ ಇನ್‌ಸ್ಪೆಕ್ಷನ್‌ಗೆ ನೀವೇ ಹೆಡ್ಡು ಕಣ್ರೀ" ಎಂದರು. ಹದಿನೆಂಟು ವರ್ಷ ಕಾದಿದ್ದ ಮಾತು. ಸಾಹೇಬರಿಗೆ ನೆಲ ಕಾಣಲಿಲ್ಲ. ಮ್ಯಾನೇಜರು ಹೋದ ಮೇಲೆ ಕೈ ರೆಂಚಿಗೆ ಹೋಗುವ ಬದಲು ಬ್ರಷ್ಷಿಗೆ ಹೋಯಿತು. ಟಕ್ ಎರಡೇ ಆಗಿದ್ದವು, ಗೆರೆ ಮೂರು ಬಿದ್ದವು.

ಎರಡು ತಿಂಗಳಿಗೆ ಆ ಬ್ರೇಕರು ವಾಪಸು ಬಂತು. ಒಳಗೆ ಕಾವು ಹೆಚ್ಚಿ ಪೆಟ್ಟಿಗೆ ಒಂದು ಕಡೆ ಕರಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಗಿರಣಿ ಎರಡು ದಿನ ನಿಂತಿತ್ತು. ಮೇಜಿನ ಆಚೆ ಗಿರಣಿಯ ಮಾಲೀಕ, ಅವನ ಪಕ್ಕದಲ್ಲಿ ಅಂಗಿಯ ತೋಳು ಮಡಚಿದ ಗಿರಣಿಯ ಎಲೆಕ್ಟ್ರಿಷಿಯನ್. ಹೊಸ ಹೆಡ್ಡು ಪೆಟ್ಟಿಗೆಯನ್ನು ಬೆಳಕಿಗೆ ಹಿಡಿಯಲು ಕಿಟಕಿಯ ಹತ್ತಿರ ಒಯ್ದರು. ಮೂರನೆಯ ಸ್ಕ್ರೂ ಬೆರಳಿಗೇ ಅಲ್ಲಾಡುತ್ತಿತ್ತು. ಅದರ ಮೇಲಿನ ಗೆರೆ ಮಸಿ ಹಿಡಿದಿತ್ತು, ಆದರೆ ಇಡಿಯಾಗಿತ್ತು. ಸ್ಕ್ರೂ ಸಡಿಲ, ಗೆರೆ ಇಡಿ. ಅಂದರೆ ಅದನ್ನು ಬಿಗಿ ಮಾಡಿರಲೇ ಇಲ್ಲ, ತಪ್ಪು ಗೆರೆ ಎಳೆದವನದೇ.

ಸಾಹೇಬರು ಎಲ್ಲರಿಗೂ ಬೆನ್ನು ಹಾಕಿ ನಿಂತಿದ್ದರು. ಹೆಬ್ಬೆರಳಿನ ಉಗುರಿನಿಂದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಗೆರೆ ತುಂಡಾಯಿತು. ಪಾಪ, ಗಾಬರಿಯಲ್ಲಿ ಮಾಡಿದರು ಎಂದು ಬೇಕಾದವರು ಹೇಳಲಿ, ನನಗೆ ಹಾಗೆನ್ನಲು ಮನಸ್ಸು ಬರುವುದಿಲ್ಲ. ಉಗುರಿಗಂಟಿದ ಮಸಿಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುವಷ್ಟು ಎಚ್ಚರ ಅವರಿಗಿತ್ತು.

"ಇಲ್ಲಿ ನೋಡಿ, ಗೆರೆ ತುಂಡಾಗಿದೆ" ಎಂದರು. "ಮಾಲು ಇಲ್ಲಿಂದ ಹೋದ್ಮೇಲೆ ಯಾರೋ ಈ ಸ್ಕ್ರೂಗೆ ಕೈ ಹಾಕಿದಾರೆ."

"ಸಾರ್, ನನ್ನಾಣೆಗೂ ನಾನು ಒಳಗಿನ ಸ್ಕ್ರೂ ಮುಟ್ಟೇ ಇಲ್ಲ" ಎಂದ ಎಲೆಕ್ಟ್ರಿಷಿಯನ್.

"ಗೆರೆ ಸುಳ್ಳು ಹೇಳುತ್ತೇನಯ್ಯಾ?" ಎಂದ ಮಾಲೀಕ.

ಅದೇ ವಾರ ಎಲೆಕ್ಟ್ರಿಷಿಯನ್ನನ ಕೆಲಸ ಹೋಯಿತು. ಬೇರೆ ಗಿರಣಿಗಳಲ್ಲಿ ಕೇಳಲು ಹೋದರೆ ಅವನಿಗಿಂತ ಮೊದಲು ಸುದ್ದಿ ಅಲ್ಲಿಗೆ ಹೋಗಿರುತ್ತಿತ್ತು. ಕೊನೆಗೆ ಸಾಹೇಬರ ಮನೆಯಿಂದ ಎರಡು ಬೀದಿ ಆಚೆ ಒಂದು ರಿಪೇರಿ ಅಂಗಡಿ ಹಾಕಿದ. ಎರಡಾಳು ನಿಂತರೆ ತುಂಬಿಹೋಗುವ ಜಾಗ, ಗಿರಾಕಿಗೊಂದು ಬೆಂಚು.

ಅಂದಿನಿಂದ ಸಾಹೇಬರ ಮನೆಯ ಸಾಮಾನುಗಳಿಗೆ ಗ್ರಹಚಾರ ಹಿಡಿಯಿತು. ಚೆನ್ನಾಗಿದ್ದ ಇಸ್ತ್ರಿಪೆಟ್ಟಿಗೆಯ ವೈರನ್ನು ತಾವೇ ಕಿತ್ತು ಅಂಗಡಿಗೆ ಒಯ್ಯುವರು. ತಿರುಗುವ ಫ್ಯಾನಿಗೆ "ಸದ್ದು ಮಾಡುತ್ತೆ" ಎಂದು ಕುಂಟುನೆಪ ಹೂಡುವರು. "ಬೇರೆ ಯಾರ ಮನೇಲೂ ಇಲ್ಲದ ರೋಗ ನಮ್ಮನೆ ಸಾಮಾನಿಗೇ ಯಾಕೆ ಬರುತ್ತೋ" ಎಂದು ಹೆಂಡತಿ ತಲೆ ಚಚ್ಚಿಕೊಳ್ಳುವರು. ಸಾಹೇಬರು ಅಂಗಡಿಯ ಬೆಂಚಿನ ಮೇಲೆ ಕೂತು ಪ್ರತಿ ಸಲವೂ ಇವತ್ತು ಹೇಳಿಯೇಬಿಡಬೇಕು ಎಂದುಕೊಳ್ಳುವರು. ರಿಪೇರಿಯಾದ ಕೂಡಲೇ ದುಡ್ಡು ಕೊಟ್ಟು ಸಾಮಾನು ಹಿಡಿದು ಹೊರಟುಬಿಡುವರು. ಅವನಾದರೂ ಸಿಟ್ಟು ಮಾಡಿದ್ದರೆ ಸುಲಭವಾಗುತ್ತಿತ್ತು. ಅವನು ಮೊದಲ ದಿನವೇ, "ನಿಮ್ಮ ಕೆಲಸ ನೀವು ಮಾಡಿದ್ರಿ ಸಾರ್, ಅದ್ರಲ್ಲೇನಿದೆ" ಎಂದುಬಿಟ್ಟಿದ್ದ. ಹೀಗೆ ಎಂಟು ವರ್ಷ ಕಳೆದವು, ಸಾಹೇಬರು ಹಾರ ಹಾಕಿಸಿಕೊಂಡು ನಿವೃತ್ತರೂ ಆದರು.

ಆಮೇಲೆ ಒಂದು ಮಧ್ಯಾಹ್ನ, ಅದೇ ಇಸ್ತ್ರಿಪೆಟ್ಟಿಗೆ ಬಿಚ್ಚುತ್ತ ಅವನು ನಕ್ಕ. "ಒಂದೊಂದ್ಸಲ ಆ ಸ್ಕ್ರೂನ ನಾನೇ ಮುಟ್ಟಿದ್ದೆ ಅಂತ ಅನ್ಸುತ್ತೆ ಸಾರ್. ಮುಟ್ಟಿದ ಹಾಗೆ ನೆನಪೂ ಬರುತ್ತೆ. ಇಲ್ದಿದ್ರೆ ಗೆರೆ ತಾನಾಗೇ ತುಂಡಾಗುತ್ತಾ?"

ಸಾಹೇಬರಿಗೆ ಇನ್ನು ತಡೆಯಲಾಗಲಿಲ್ಲ. "ನೀವು ಮುಟ್ಟಿರ್ಲಿಲ್ಲ" ಎಂದರು. "ನಾನು ಬಿಗಿ ಮಾಡೋದು ಮರೆತಿದ್ದೆ. ಆವತ್ತು ಕಿಟಕಿ ಹತ್ರ ನಿಂತು, ಉಗುರಲ್ಲಿ ತಿರುಗಿಸಿದ್ದೂ ನಾನೇ."

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಯಾವಾಗಿಂದ ಹೇಳ್ಬೇಕು ಅಂತಿದ್ರಿ?"

"ಮೊದಲನೇ ದಿನದಿಂದ."

"ನಮ್ಮಪ್ಪನೂ ಇದೇ ಕೆಲಸದೋರು ಸಾರ್. ನಂಗೆ ಕಲ್ಸಿದ್ದೇ ಅವ್ರು. ಮುಟ್ಟಬಾರದ ಸ್ಕ್ರೂ ಮುಟ್ಟಿ, ಮೇಲೆ ಸುಳ್ಳು ಬೇರೆ ಹೇಳ್ದ ಅಂತ, ಆಮೇಲೆ ಮನೇಲಿ ಒಂದು ಬಲ್ಬೂ ನನ್ನ ಕೈಲಿ ಹಾಕಿಸ್ಲಿಲ್ಲ. ಕಣ್ಣು ಕಾಣದಿದ್ರೂ ತಾವೇ ಸ್ಟೂಲು ಹತ್ತೋರು. ಹೋದ ವರ್ಷ ತೀರ್ಕೊಂಡ್ರು."

"ನಾನು ಬರ್ದು ಕೊಡ್ತೀನಿ. ಗಿರಣಿ ಮಾಲೀಕರ ಎದುರಿಗೆ ನಿಂತು ಹೇಳ್ತೀನಿ" ಎಂದು ಸಾಹೇಬರು ತೊದಲಿದರು.

"ಅವ್ರಿಗೆ ಹೇಳಿ ನಂಗೇನಾಗ್ಬೇಕು ಸಾರ್? ಹೋದ ವರ್ಷ ಬಂದು ನಮ್ಮಪ್ಪಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಹೋದ ವರ್ಷವೂ ಸಾಹೇಬರು ತಿಂಗಳಿಗೆರಡು ಸಲ ಬಂದು, ಇದೇ ಬೆಂಚಿನ ಮೇಲೆ ಕೂತು, ಸುಮ್ಮನೆ ಎದ್ದು ಹೋಗಿದ್ದರು.