ಸೋಪಿನ ಬಗ್ಗೆ ಅಭಿಪ್ರಾಯ

ಮನೆಯಲ್ಲೇ ಕೂತು ಸಂಪಾದಿಸಿ ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ.

ನನ್ನ ತಂಗಿ ಗಂಡನನ್ನು ಕಳೆದುಕೊಂಡು ರಾವಂದೂರಿನ ತವರಿಗೆ ಬಂದು ಸೇರಿದ್ದಳು. ಅಣ್ಣ ಒಳ್ಳೆಯವನೇ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಅತ್ತಿಗೆ ಸೋಪನ್ನು ದಾರದಲ್ಲಿ ಕುಯ್ದು ಅರ್ಧ ಕೊಡುತ್ತಿದ್ದಳು. ಹಸಿ ಹೊಗೆಸೊಪ್ಪನ್ನು ಕೋಲಿಗೆ ಕಟ್ಟುವ ದಿನಗಳಲ್ಲಿ ಕೈಗೆ ಹತ್ತುವ ಕರಿ ಅಂಟು ಅಷ್ಟಕ್ಕೆಲ್ಲ ಬಿಡುತ್ತದೆಯೇ? ಇನ್ನೊಂದು ತುಂಡು ಕೇಳಲು ತಂಗಿ ನಾಚಿ ಸಾಯುತ್ತಿದ್ದಳು. ಯಾರ ಮುಂದೆಯೂ ಕೈ ಚಾಚದ ಹಾಗೆ ಒಂದಿಷ್ಟು ಸಂಪಾದನೆ, ಅವಳಿಗೆ ಬೇಕಾಗಿದ್ದು ಅಷ್ಟೇ.

ಬ್ರೌಸಿಂಗ್ ಸೆಂಟರುಗಳು ಹೊಸದಾಗಿ ಬಂದಿದ್ದ ಕಾಲ. ನಾನಿದ್ದ ಪಿರಿಯಾಪಟ್ಟಣದ ಒಂದು ಸೆಂಟರಿನಲ್ಲಿ ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡ ಏಜೆಂಟೊಬ್ಬ, ಮನೆಯಲ್ಲೇ ಕೂತು ಸಂಪಾದಿಸಿ ಎಂಬ ಬೋರ್ಡಿನಡಿ ಕೂತಿರುತ್ತಿದ್ದ.

"ಕಂಪ್ನಿಯವ್ರು ಕೇಳಿದ್ದಕ್ಕೆ ನಿಮ್ ಅಭಿಪ್ರಾಯ ಯೋಳಿ ಸಾಕು ಕಣಕ್ಕ, ದುಡ್ಡು ಬತ್ತದೆ," ಎಂದು ನನ್ನ ಜೊತೆ ಬಂದಿದ್ದ ತಂಗಿಗೆ ಹೇಳಿದ. ಮೊದಲು ಮೆಂಬರ್ ಫೀಸು ಕಟ್ಟಬೇಕಂತೆ.

"ದುಡ್ಡು ಕೊಡೋನು ಮೊದ್ಲೇ ದುಡ್ಡು ಕೇಳ್ತಾನೇನೇ?" ಎಂದು ತಂಗಿಯನ್ನು ತಡೆದೆ.

"ಒಗೆಸೊಪ್ಪಿಗೆ ಲೈಸೆನ್ಸ್ ಮಾಡ್ಸಲ್ವೇನಕ್ಕ? ಅದ್ಕೆ ಫೀಸ್ ಕಟ್ಟಿದ್ ಮ್ಯಾಲೆ ತಾನೆ ಅರಾಜಲ್ಲಿ ಮಾರಾದು? ಇದೂ ಅಂಗೆಯ," ಎಂದಳು.

ನಮ್ಮ ಕಡೆಯವರಿಗೆ ಏನೂ ಕಟ್ಟದೆ ಬರುವ ದುಡ್ಡಿನ ಮೇಲೇ ಅನುಮಾನ. ಆ ಖದೀಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ವರ್ಷದಲ್ಲಿ ಕೆಲವೇ ದಿನ ಸಿಗುವ ಸೊಪ್ಪು ಕಟ್ಟುವ ಕೂಲಿಯನ್ನೆಲ್ಲ ಅವನ ಕೈಗಿಟ್ಟಳು. ವಾರವಾರ ಬಸ್ಸು ಹತ್ತಿ ಬಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ನಾನು ಇಂಗ್ಲಿಷ್ ಓದಿ ಹೇಳುವುದು, ಅವಳು ಯೋಚಿಸಿ ಯೋಚಿಸಿ ಉತ್ತರ ಕೊಡುವುದು. ಸೋಪಿನ ನೊರೆ ಹೇಗಿದೆ, ಕೈ ಮೃದುವಾಯಿತೇ, ಮನೆಯಲ್ಲಿ ಸೋಪು ಆರಿಸುವವರು ಯಾರು, ಇಂಥವೇ ಪ್ರಶ್ನೆಗಳು. "ಅಂಟು ಬುಡಾಕಿಲ್ಲ ಅಂತ್ಲೇ ಬರಿಯಕ್ಕ, ಸುಳ್ ಯಾಕೆ ಯೋಳ್ಬೇಕು," ಎನ್ನುತ್ತಿದ್ದಳು. ಆ ಉತ್ತರಗಳನ್ನು ಯಾವ ನಾಯಿಯೂ ಮೂಸಿರಲಾರದು ಎಂದು ನೆನೆದರೆ ಮೈ ಉರಿಯುತ್ತದೆ.

ಕಂಪ್ಯೂಟರಿನಲ್ಲಿ ಅವಳ ಹೆಸರಿಗೆ ದುಡ್ಡು ಏರುತ್ತಲೇ ಇತ್ತು. ಬಿಡಿಸಿಕೊಳ್ಳಲು ಹೋದಾಗ ಏಜೆಂಟು ಎಲೆಅಡಿಕೆ ಜಗಿಯುತ್ತಾ, "ಇನ್ನೊಂದ್ ಫೀಸ್ ಕಟ್ಬೇಕು ಕಣಕ್ಕ. ಇಲ್ದಿದ್ರೆ ನಿಮ್ಮೂರಿಂದ ನಾಕ್ ಎಂಗುಸ್ರನ್ನ ಸೇರ್ಸಿ," ಎಂದ. ಪಕ್ಕದ ಮನೆಯವರ ತಲೆ ಬೋಳಿಸಿದರೆ ಅವಳದ್ದು ಅವಳಿಗೆ ಸಿಗುತ್ತದೆ! ಅವನ ಕೆಂಪು ಬಾಯಿ ನೋಡಿ ನನಗೆ ಹೇಸಿಗೆಯಾಯಿತು.

"ನಾನ್ ಕೆಟ್ಟಿದ್ದೇ ಸಾಕು ಬುಡಪ್ಪ," ಎಂದು ತಂಗಿ ಎದ್ದು ಬಂದಳು. ಸ್ವಲ್ಪ ದಿನಕ್ಕೆ ಅವನೂ ಊರು ಬಿಟ್ಟ.

ಆಮೇಲೊಮ್ಮೆ ನಾನು ರಾವಂದೂರಿಗೆ ಹೋಗಿದ್ದೆ. ಸಂಜೆ ಸೊಪ್ಪು ಕಟ್ಟಿ ಬಂದ ತಂಗಿಗೆ ಅತ್ತಿಗೆ ದಾರ ಎಳೆದು ಅರ್ಧ ಸೋಪು ಕೊಟ್ಟಳು. ತಂಗಿ ಬಚ್ಚಲಲ್ಲಿ ಕೂತು ಕೈ ಉಜ್ಜುತ್ತಲೇ ಇದ್ದಳು. ಮನೆಯಲ್ಲಿ ಸೋಪು ಆರಿಸುವವರು ಯಾರು ಎಂದು ಕೇಳಿದಾಗ ಅವಳು ಏನು ಬರೆಸಿದ್ದಳೆಂಬುದು ನನಗೆ ನೆನಪಾಯಿತು. ಅಷ್ಟು ಪ್ರಶ್ನೆಗಳಲ್ಲಿ ಅದೊಂದಕ್ಕೆ ಮಾತ್ರ ಸುಳ್ಳು ಹೇಳಿದ್ದಳು.

"ನಾನೇ ಅಂತ ಬರಿಯಕ್ಕ," ಎಂದಿದ್ದಳು.