ತುದಿಯ ಕಡೆ ನಿಂತವರು

ಎ.ಸಿ. ಕೂರಿಸಲು ಬಂದವನು ಅಟ್ಟದ ಮೇಲಿನಿಂದ ಒಂದೊಂದೇ ಸಾಮಾನು ಕೆಳಗೆ ಕೊಡುತ್ತಿದ್ದ. ಹಿಡಿಕೆ ಮುರಿದ ಕುಕ್ಕರ್, ಮಗಳ ಕೇರಂ ಬೋರ್ಡು, ಕೊನೆಗೆ ಹಳದಿಗಟ್ಟಿದ ಥರ್ಮೋಕೋಲಿನ ಎರಡು ಉದ್ದನೆಯ ತುಂಡು. "ಯೇ ತೋ ಕಚರಾ ಹೈ ನಾ, ಆಂಟಿ?" ಎಂದು ಕಸದಂತೆ ಬಿಸಾಡಿದ. ನೆಲದ ಮೇಲೆ ಅವನು ಆಗಷ್ಟೇ ಬೆಸೆದಿಟ್ಟಿದ್ದ ತಾಮ್ರದ ಕೊಳವೆ ಇನ್ನೂ ಬಿಸಿಯಾಗಿತ್ತು. ಥರ್ಮೋಕೋಲಿನ ಮೂಲೆ ಅದಕ್ಕೆ ತಾಗಿ ಚುರ್ರೆಂದು ಕರಗಿತು. ಗಂಟಲಿಗೆ ಅಂಟಿಕೊಳ್ಳುವ, ಸ್ವಲ್ಪ ಸಿಹಿಯಾದ, ಒಳ್ಳೆಯದಲ್ಲದ ಆ ವಾಸನೆ ಮುಂಬಯಿ ಪಕ್ಕದ ಐರೋಲಿಯ ಈ ಎಂಟನೆಯ ಮಹಡಿಯಲ್ಲಿ ಹರಡಿತು. ನಾನು ಅಡುಗೆಮನೆಯಿಂದ "ಅಕ್ಕಾರ..." ಅಂದುಬಿಟ್ಟೆನಂತೆ. ಹಾಗೆ ಹೇಳಿದ್ದು ಇವರು, ನನ್ನ ಗಂಡ. ನನಗೆ ನೆನಪಿಲ್ಲ.

ಆ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ದಿಮ್ಮಿಯಾಗುತ್ತದೆ. ಅದರ ನಡುವೆ ಟೊಳ್ಳು. ಟೊಳ್ಳಿನ ಆಕಾರ ಒಂದು ವಿಮಾನದ ರೆಕ್ಕೆಯದು: ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ರೆಕ್ಕೆ ಎಂದೋ ಹೋಯಿತು. ಅದನ್ನು ಬಿಡಿಸಿಕೊಂಡ ಮೇಲೆ ಉಳಿದ ಸಿಪ್ಪೆ ಇದು. "ಹಣ್ಣು ನಿನ್ನ ಭಾವನಿಗೆ, ಸಿಪ್ಪೆ ನಮಗೆ," ಎನ್ನುತ್ತಿದ್ದರು ಅಕ್ಕ. ಅದರಲ್ಲಿ ಗಾಜಿನ ಲೋಟಗಳನ್ನು ಮಲಗಿಸಿ ಇಡುತ್ತಿದ್ದರು. ನಾವು ಮನೆ ಬದಲಿಸುವಾಗ ನನ್ನ ಲೋಟಗಳನ್ನೂ ಇದರಲ್ಲೇ ಮಲಗಿಸಿ ಕೊಟ್ಟಿದ್ದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಡೊಂಬಿವಿಲಿಯಲ್ಲಿ ನಮ್ಮ ಎದುರು ಮನೆಯವರು, ಉಡುಪಿ ಕಡೆಯವರು. ಮದುವೆಯಾಗಿ ವಿಜಯಪುರದಿಂದ ಅಲ್ಲಿಗೆ ಬಂದಿಳಿದ ನನಗೆ ಹಾಲಿನವನೊಡನೆ ಮರಾಠಿ ಮಾತಾಡಲು ಕಲಿಸಿದವರು. ಕಚೇರಿಗೆ ಹೋಗಲು ದಿನಾ ಲೋಕಲ್ ರೈಲು ಹಿಡಿಯುತ್ತಿದ್ದರು. ಹೆಂಗಸರ ಡಬ್ಬಿಯ ಆ ನೂಕುನುಗ್ಗಲಿನಲ್ಲಿ ಏನನ್ನೂ ಹಿಡಿಯದೆ ನಿಂತು ದಾರದಲ್ಲಿ ಹೂ ಕಟ್ಟಬಲ್ಲವರಾಗಿದ್ದರು. ಅವರ ಗಂಡ, ನನಗೆ ಭಾವ, ಒಂದು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದಲ್ಲಿದ್ದರು. ಅವರ ಹುಚ್ಚು ರೇಡಿಯೊದಿಂದ ಓಡಿಸುವ ಪುಟ್ಟ ವಿಮಾನಗಳದು. ಅದೂ ಸುಮ್ಮನೆ ಹಾರಿಸುವುದಲ್ಲ, ರೇಸು. ಕಲ್ಯಾಣದ ಆಚೆಯ ಒಂದು ಬಯಲಿನಲ್ಲಿ ದೂರದೂರಕ್ಕೆ ಕಂಬ ನೆಟ್ಟು, ನಾಲ್ಕು ವಿಮಾನಗಳು ಒಟ್ಟಿಗೆ ಆ ಕಂಬಗಳನ್ನು ಸುತ್ತುವುದು. ಕಣಜ ಕಿವಿಯೊಳಗೆ ಹೊಕ್ಕಂತೆ ಸದ್ದು.

ಆ ವೇಗಕ್ಕೆ ರೆಕ್ಕೆ ಹಗುರವಿರಬೇಕು, ನುಣುಪಿರಬೇಕು. ಅದಕ್ಕೇ ಒಳಗೆ ಥರ್ಮೋಕೋಲು, ಮೇಲೆ ತೆಳ್ಳನೆಯ ಮರದ ಹಾಳೆ. ಥರ್ಮೋಕೋಲನ್ನು ಚಾಕುವಿನಿಂದ ಕೊಯ್ಯುವಂತಿಲ್ಲ, ಕಾದ ತಂತಿಯಿಂದ ಕತ್ತರಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ದಿಮ್ಮಿಯ ಎರಡೂ ಬದಿಗೆ ಸನ್‌ಮೈಕಾದಲ್ಲಿ ಕೊರೆದ ಅಚ್ಚು, ಮೀನಿನ ಆಕಾರದ್ದು. ರೆಕ್ಕೆ ವಿಮಾನಕ್ಕೆ ಕೂಡುವ ಬುಡದ ಕಡೆ ದೊಡ್ಡ ಮೀನು, ತುದಿಯ ಕಡೆ ಚಿಕ್ಕದು. ಎರಡರ ಮೇಲೂ ಒಂದರಿಂದ ಹತ್ತರವರೆಗೆ ಗೆರೆ. ಬಿಲ್ಲಿಗೆ ಕಟ್ಟಿದ ತಂತಿಯ ಎರಡು ತುದಿಯನ್ನು ಇಬ್ಬರು ಹಿಡಿದು ಅಚ್ಚಿನ ಮೇಲೆ ಜಾರಿಸುತ್ತ ಹೋಗಬೇಕು. ಬುಡದ ಕಡೆಯವರು ಎಣಿಸುತ್ತಾರೆ. ಅವರು ಐದು ಅಂದಾಗ ತುದಿಯ ಕಡೆಯವರೂ ಐದರಲ್ಲಿರಬೇಕು. ತುದಿಯ ಅಚ್ಚು ಗಿಡ್ಡ, ಹಾಗಾಗಿ ಅಲ್ಲಿ ಕೈ ನಿಧಾನ ಹೋಗಬೇಕು, ಆದರೆ ನಿಲ್ಲಬಾರದು. ನಿಂತರೆ ತಂತಿ ಅಲ್ಲೇ ಸುಟ್ಟು ಗುಂಡಿ ಮಾಡುತ್ತದೆ.

ಭಾವ ಬುಡದ ಕಡೆ. ಅಕ್ಕ ಯಾವಾಗಲೂ ತುದಿಯ ಕಡೆ. ಎಣಿಕೆ ತುಳುವಿನಲ್ಲಿ: ಒಂಜಿ, ರಡ್ಡ್, ಮೂಜಿ...

ನಮ್ಮ ಕಟ್ಟಡ ಠಾಕುರ್ಲಿಗೆ ಹೋಗುವ ಹಳಿಯ ಪಕ್ಕದಲ್ಲೇ. ಫಾಸ್ಟ್ ಲೋಕಲ್ ಹಾದುಹೋದರೆ ಸ್ಟೀಲಿನ ಪಾತ್ರೆಗಳು ಗುಣುಗುಣಿಸುತ್ತಿದ್ದವು, ತಂತಿಯೂ ನಡುಗುತ್ತಿತ್ತು. ಆದ್ದರಿಂದ ಊರಿಗೆಲ್ಲ ಶಾಪವಾದ ಭಾನುವಾರದ ಮೆಗಾಬ್ಲಾಕು ಅವರಿಬ್ಬರಿಗೆ ಹಬ್ಬ. ಹಳಿ ದುರಸ್ತಿಗೆಂದು ರೈಲು ನಿಲ್ಲುವ ಆ ಕೆಲವು ಗಂಟೆಗಳಲ್ಲಿ ರೆಕ್ಕೆ ಕತ್ತರಿಸುತ್ತಿದ್ದರು. "ಈ ವಾರ ಮೆಗಾಬ್ಲಾಕ್ ಉಂಟು ಮಾರಾಯ್ತಿ!" ಎಂದು ಅಕ್ಕ ಮೆಟ್ಟಿಲ ಮೇಲಿಂದಲೇ ಕೂಗುವುದು, ಕೆಳಮನೆಯ ಮರಾಠಿ ಅಜ್ಜಿ ಇವಳಿಗೇನಾಗಿದೆ ಎಂಬಂತೆ ನೋಡುವುದು...

ಇಲ್ಲಿಯವರೆಗೆ ಬರೆದದ್ದನ್ನು ನಂಬಬಹುದು. ಮುಂದಿನದನ್ನು ಪೂರ್ತಿ ನಂಬಬೇಡಿ. ಆ ತಂತಿಯ ಒಂದು ಗುಣ ಭಾವ ಹೇಳಿದ್ದರು: ಎರಡು ತುದಿಯಲ್ಲಿ ಅದು ಅಚ್ಚನ್ನು ಮುಟ್ಟಿಕೊಂಡೇ ಹೋಗುತ್ತದೆ, ನಡುವೆ ಮಾತ್ರ ಹಿಂದೆ ಬೀಳುತ್ತದೆ, ಎಲ್ಲಿ ಎಷ್ಟು ಎಂದು ಕಣ್ಣಿಗೆ ಕಾಣುವುದಿಲ್ಲ. ನನ್ನ ನೆನಪೂ ಹಾಗೆ.

ಒಂದು ರೇಸಿಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಅಕ್ಕ ಡಬ್ಬಿಯಲ್ಲಿ ಇಡ್ಲಿ ಕಟ್ಟಿಕೊಂಡಿದ್ದರು. ಎರಡನೆಯ ಸುತ್ತಿನಲ್ಲಿ, ಕಂಬದ ಹತ್ತಿರ ತಿರುಗುವಾಗ, ಭಾವನ ವಿಮಾನದ ಒಂದು ರೆಕ್ಕೆ ಕಾಗದದಂತೆ ಮಡಚಿಕೊಂಡಿತು. ಉಳಿದದ್ದು ನೇರ ಹುಲ್ಲಿಗೆ. ಸುತ್ತ ಗೆಳೆಯರು ಕೂಡಿದರು. ಭಾವ ನಗುತ್ತಲೇ ಹೇಳಿದರು: "ಕ್ಯಾ ಕರೂಂ ಯಾರ್, ಟಿಪ್ ಕಾ ಸೈಡ್ ಮೇರಾ ನಹೀಂ ಹೋತಾ." ತುದಿಯ ಕಡೆ ನನ್ನದಲ್ಲ. ಎಲ್ಲರೂ ನಕ್ಕರು. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಅಕ್ಕ ಅದನ್ನು ತಿರುಗಿ ಒತ್ತಿ ಮುಚ್ಚಿದರು. ಆ ಮಾತು ನನ್ನ ಕಿವಿಗೇ ಬಿದ್ದಿತೋ, ರೈಲಿನಲ್ಲಿ ಅಕ್ಕ ಹೇಳಿ ಹೇಳಿ ಬಿದ್ದಂತಾಯಿತೋ, ಗೊತ್ತಿಲ್ಲ. ಮುಚ್ಚಳ ಒತ್ತಿದ ಸದ್ದು ಮಾತ್ರ ನಾನೇ ಕೇಳಿದ್ದು.

"ರೆಕ್ಕೆ ಮುರಿದದ್ದು ಬುಡದಲ್ಲಿ. ನೀನೂ ನೋಡಿದ್ದೀಯಲ್ಲ? ಬುಡದಲ್ಲಿ!" ಎಂದರು ಅಕ್ಕ, ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ. ಇಡ್ಲಿಯನ್ನು ನಾವಿಬ್ಬರೇ ತಿಂದೆವು.

ಆಮೇಲೆ ಅಕ್ಕ ಭಾವನೊಡನೆ ಮಾತು ಬಿಟ್ಟರು. ಜಗಳವಿಲ್ಲ, ಅಳುವಿಲ್ಲ. ಎರಡು ಹೆಜ್ಜೆ ದೂರದಲ್ಲಿ ಭಾವ ಕೂತಿದ್ದರೂ ನನ್ನ ಮುಖ ನೋಡಿ, "ನಿನ್ನ ಭಾವನಿಗೆ ಹೇಳು, ಗ್ಯಾಸ್ ಮುಗಿದಿದೆ," ಎನ್ನುವುದು. ಭಾವ, "ಬುಕ್ ಮಾಡಿ ಆಗಿದೆ ಅಂತ ಹೇಳಿ," ಎನ್ನುವುದು. ಕಾಫಿ ಕುಡಿಯಲು ಹೋದವಳು ಇಂಟರ್‌ಕಾಮ್ ಆಗಿ ಬರುತ್ತಿದ್ದೆ.

ಒಂದು ದಿನ ನಾನೇ ಕೇಳಿದೆ: "ಅಕ್ಕಾರ, ಇಷ್ಟಕ್ಕ ಎಷ್ಟು ದಿನ ರೀ?"

"ಇಷ್ಟಕ್ಕೆ? ಎಷ್ಟು ವರ್ಷದಿಂದ ಆ ಹೊಗೆ ಕುಡಿದೆ ನಾನು! ಪ್ರೈಜ್ ಬಂದರೆ ರೆಕ್ಕೆ ಅವರದ್ದು, ಬಿದ್ದರೆ ತುದಿ ನನ್ನದ್ದು. ತಪ್ಪಾಯ್ತು ಅಂತ ಬೇಡ. ನಿನ್ನ ಕಡೆಯಿಂದ ಏನೂ ಆಗಿಲ್ಲ ಅಂತ ಒಂದು ಮಾತು ಸಾಕು. ಅದೂ ಬರುದಿಲ್ಲ ಅಂತಾದ್ರೆ ನಾನು ಕಳಂಬೋಲಿಗೆ ತಂಗಿ ಮನೆಗೆ ಹೋಗ್ತೇನೆ. ಅವಳಿಗೂ ಒಂದು ಜನ ಬೇಕು."

ತಮಾಷೆ ಎಂದುಕೊಂಡಿದ್ದೆ. ಮುಂದಿನ ಮೆಗಾಬ್ಲಾಕಿನ ಭಾನುವಾರ ಭಾವ ನಮ್ಮ ಬಾಗಿಲು ತಟ್ಟಿದರು. "ನೀವು ಸ್ವಲ್ಪ ಆಚೆ ಕಡೆ ಹಿಡೀತೀರಾ? ರೇಸ್ ಹತ್ತಿರ ಬಂತು." ನನ್ನ ಹಿಂದೆ ಇವರೂ ಬಂದರು. ಹೋಗಿ ನೋಡಿದರೆ ಅವರ ಬಾಗಿಲ ಬಳಿ ತುಂಬಿದ ಚೀಲ. ಅಕ್ಕ ಹೊರಗೆ ಹೋಗುವ ಸೀರೆ ಉಟ್ಟು ಅಡುಗೆಮನೆಯಲ್ಲಿ ಕೂತಿದ್ದರು, ಬಸ್ಸಿಗೆ ಇನ್ನೂ ಹೊತ್ತಿತ್ತು.

"ನನಗ ಇದೆಲ್ಲಾ ಬರೂದಿಲ್ರಿ," ಎಂದೆ, ಅಡುಗೆಮನೆಗೂ ಕೇಳಲೆಂದು.

"ನಿಲ್ಲಿಸದಿದ್ರೆ ಆಯ್ತು," ಎಂದರು ಭಾವ.

ನನಗೆ ತುಳು ಬಾರದು ಎಂದು ಅವರು ಕನ್ನಡದಲ್ಲಿ ಎಣಿಸಿದರು. ಅವರ ಬಾಯಿಗೇ ಅದು ಒಗ್ಗಲಿಲ್ಲ. ಕೈ ತುಳುವಿನ ಲಯದಲ್ಲಿ ಹೋಗುತ್ತಿತ್ತು, ನಾಲಿಗೆ ಹಿಂದೆ ಉಳಿಯುತ್ತಿತ್ತು. ನಾನು ನಾಲಿಗೆಯನ್ನು ನಂಬಿದೆ. ಮೊದಲ ದಿಮ್ಮಿ ಕೆಟ್ಟಿತು. ಭಾವ ಎರಡನೆಯ ದಿಮ್ಮಿ ಮೇಜಿನ ಮೇಲಿಟ್ಟರು.

ಆಗ ಅಕ್ಕ ಎದ್ದು ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಕಡೆಗಲ್ಲ, ಭಾವನ ಕಡೆಗೆ ಹೋಗಿ ನಿಂತು, ನನಗೆ ಹೇಳಿದರು: "ನಿನ್ನ ಭಾವನಿಗೆ ಹೇಳು, ಇವತ್ತು ಅವರು ತುದಿಗೆ."

ಭಾವ ಮೇಜನ್ನು ಸುತ್ತಿ ಬಂದು ನನ್ನ ಕೈಯಿಂದ ಬಿಲ್ಲಿನ ತುದಿ ತೆಗೆದುಕೊಂಡರು. ಅಕ್ಕ ಎಣಿಸತೊಡಗಿದರು. ಒಂಜಿ... ರಡ್ಡ್... ಎಷ್ಟೋ ದಿನಗಳ ನಂತರ ಆ ಮನೆಯಲ್ಲಿ ಅವರು ಗಂಡನನ್ನು ನೋಡಿ ಆಡಿದ ಮೊದಲ ಮಾತುಗಳು ಅವು, ಬರೀ ಅಂಕಿ. ನಾಲ್... ಐನ್... ಆಜಿ... ಭಾವನ ಹಣೆ ಬೆವೆತಿತ್ತು. ಏಳ್ ಎನ್ನುವಾಗ ಅಕ್ಕನ ದನಿ ಒಡೆಯಿತು. ಭಾವ ತಲೆ ಎತ್ತಿದರು. ಕೈ ನಿಂತಿತು. ಹೊಗೆ ಎದ್ದಿತು.

"ನಿಲ್ಲಬೇಡಿ," ಎಂದರು ಅಕ್ಕ. ನನಗಲ್ಲ, ಭಾವನಿಗೇ. ಎಣ್ಮ, ಒರ್ಂಬ, ಪತ್ತ್.

ರೆಕ್ಕೆ ಹೊರಬಂದಾಗ ತುದಿಯ ಹತ್ತಿರ, ಕೈ ನಿಂತಲ್ಲಿ, ಒಂದು ಅಲೆ ಇತ್ತು. ಭಾವ ಅದರ ಮೇಲೆ ಬೆರಳಾಡಿಸಿದರು. ಅಕ್ಕ ಕಾದರು. ನಾನೂ ಕಾದೆ. ಈಗ ಹೇಳುತ್ತಾರೆ, ಈಗ... "ಚಾ ಮಾಡ್ತೀಯಾ?" ಎಂದರು ಭಾವ. ಅಕ್ಕ ನಕ್ಕರು. ಎಂಥ ನಗೆ ಎಂದು ಆಗಲೂ ತಿಳಿಯಲಿಲ್ಲ. ಚಾ ಮಾಡಿದರು. ಚೀಲ ಎರಡು ದಿನ ಬಾಗಿಲ ಬಳಿಯೇ ಇದ್ದು, ಮೂರನೆಯ ದಿನ ಕಾಣಲಿಲ್ಲ. ಅಕ್ಕ ಇದ್ದರು.

ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ನನಗೇ ಸಂಶಯ. ಇಷ್ಟು ಹದವಾಗಿ ಯಾವ ಭಾನುವಾರವೂ ನಡೆಯುವುದಿಲ್ಲ. ಇವರಂತೂ ಒಪ್ಪುವುದೇ ಇಲ್ಲ. ಮೊನ್ನೆ ಸಿಪ್ಪೆಯನ್ನು ಕೈಯಲ್ಲಿ ತಿರುಗಿಸಿ, "ಇದು ನೀ ಕೆಡಿಸಿದ್ದ ದಿಮ್ಮಿ. ರೈಲು ಬಂತು ಅಂತ ಬೆಚ್ಚಿಬಿದ್ದಿದ್ದಿ. ಅವರು ಅಡಗಿಮನಿಯಿಂದ ಹೊರಗ ಬರಲೇ ಇಲ್ಲ. ನೀ ಬರೀ ಕತಿ ಕಟ್ಟತಿ," ಎಂದರು.

"ಮೆಗಾಬ್ಲಾಕಿನ ದಿನ ರೈಲು ಎಲ್ಲಿಂದ ಬರ್ತೈತ್ರಿ?"

"ಒಂದೊಂದು ಬರತಾವ. ದೂರದ ಗಾಡಿ."

ಅದೂ ನಿಜವೇ. ಒಂದೊಂದು ಬರುತ್ತವೆ.

ಕಟ್ಟಡ ಕೆಡವಿ ಹೊಸದು ಕಟ್ಟಲು ಕೊಟ್ಟಾಗ ನಾವು ಐರೋಲಿಗೆ ಬಂದೆವು, ಅವರು ಕಳಂಬೋಲಿಗೆ, ತಂಗಿಯ ಮನೆಯ ಹತ್ತಿರ. ಗಂಡನ ಜೊತೆಯಲ್ಲೇ ಹೋದರು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಹಬ್ಬಕ್ಕೆ, ಆಮೇಲೆ ಹಬ್ಬದ ಚಿತ್ರ ಮಾತ್ರ. ಅಕ್ಕ ತೀರಿಕೊಂಡ ಸುದ್ದಿ ನಾವು ಊರಿನಲ್ಲಿದ್ದಾಗ ಬಂತು. ಹದಿಮೂರನೆಯ ದಿನಕ್ಕೂ ಹೋಗಲಾಗಲಿಲ್ಲ.

ಎ.ಸಿ.ಯವನು ಹೋದ ಮೇಲೆ ಭಾವನಿಗೆ ಫೋನು ಮಾಡಿದೆ. ವಿಮಾನ ಬಿಟ್ಟು ಬಹಳ ವರ್ಷವಾಯಿತಂತೆ. ಈಗ ರೆಕ್ಕೆಯನ್ನು ಕಂಪ್ಯೂಟರೇ ಕತ್ತರಿಸುತ್ತದೆ, ಎಣಿಸುವವರು ಬೇಡ ಎಂದರು. ನಾನು ನೇರವಾಗಿ ಕೇಳಿದೆ, ಆ ಭಾನುವಾರದ ಅಲೆ ಯಾರದು ಎಂದು.

"ಯಾವ ಭಾನುವಾರ?"

ನೆನಪು ಮಾಡಿಕೊಟ್ಟೆ. ಬಯಲು, ಮುರಿದ ರೆಕ್ಕೆ, ಮಾತು ಬಿಟ್ಟದ್ದು, ಚೀಲ. ಆ ಕಡೆ ಟಿ.ವಿ. ಸದ್ದು ಸಣ್ಣದಾಯಿತು.

"ಅವಳು ಮಾತು ಬಿಟ್ಟದ್ದಾ? ಇಲ್ಲಪ್ಪ. ನೀವು ಬೇರೆ ಯಾರದ್ದೋ ಹೇಳ್ತಾ ಇದ್ದೀರಿ," ಎಂದರು ಭಾವ. ಮತ್ತೆ, ನನಗೆ ಏನೋ ಕಲಿಸುವವರಂತೆ: "ಮತ್ತೆ ಅವಳ ಕಡೆಯಿಂದ ಯಾವತ್ತೂ ಅಲೆ ಬಂದದ್ದೇ ಇಲ್ಲ ಮಾರಾಯ್ರೆ. ತುದಿ ಹಿಡೀಲಿಕ್ಕೆ ಅವಳ ಹಾಗೆ ಯಾರಿಗೂ ಬರುದಿಲ್ಲ. ಮುರಿದ್ರೆ ನನ್ನ ಕಡೆಯಿಂದಲೇ ಮುರಿಯುದು."

ಎಷ್ಟು ಸಲೀಸಾಗಿ ಹೇಳಿದರು. "ಇದನ್ನ ಅಕ್ಕಾರಿಗೆ ಹೇಳಿದ್ರೇನ್ರಿ?" ಎಂದು ಬಾಯಿಗೆ ಬಂದಿತ್ತು. ಕೇಳಲಿಲ್ಲ. ಹೇಳಿದ್ದೆ ಎನ್ನುತ್ತಿದ್ದರು, ನಂಬಿಯೇ ಎನ್ನುತ್ತಿದ್ದರು.

ಸಿಪ್ಪೆಯನ್ನು ಕಚರೆಗೆ ಹಾಕಿಲ್ಲ. ಮಧ್ಯಾಹ್ನ ಇವರು ಮಲಗಿದ ಮೇಲೆ ಕಿಟಕಿಯ ಬಳಿ ಕೂತು ತುದಿಯ ಕಡೆಯಿಂದ ಟೊಳ್ಳಿನೊಳಗೆ ಬೆರಳು ಇಳಿಸುತ್ತೇನೆ, ಎಣಿಸುತ್ತ ಜಾರಿಸುತ್ತೇನೆ. ತುಳು ಈಗಲೂ ಬಾರದು, ಹತ್ತು ಅಂಕಿ ಮಾತ್ರ ಬರುತ್ತದೆ. ಆಜಿಯವರೆಗೆ ನುಣುಪು. ಏಳರಲ್ಲಿ ಒಂದು ಗುಂಡಿ, ಬೆರಳ ತುದಿಯಷ್ಟು. ಯಾರದೋ ಕೈ ಅಲ್ಲಿ ನಿಂತಿದೆ. ನನ್ನ ಬೆರಳೂ ಅಲ್ಲೇ ನಿಲ್ಲುತ್ತದೆ... ನಿಲ್ಲಬೇಡ ಎನ್ನಲು ಎದುರಿಗೆ ಯಾರೂ ಇಲ್ಲ.